ಶುಕ್ರವಾರದ ಕುರಿ

ನನಗೆ ಆಗ ಎಪ್ಪತ್ತೊಂದು ವರ್ಷ. ಅದಾಗಿ ಈಗ ಎರಡು ವರ್ಷ ಕಳೆಯಿತು. ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲದ ಒಂದು ಕುರಿಯ ಬಗ್ಗೆ ನೇಪಾಳದಿಂದ ಪ್ರಶ್ನೆ ಬಂದದ್ದು ಆ ವರ್ಷ.

ಕಾಸರಗೋಡಿನ ಗಡಿಯ ನಮ್ಮ ವರ್ಕಾಡಿಯಲ್ಲಿ ಕುರಿ ಸಾಕುವವರು ಯಾರಿದ್ದಾರೆ? ನಮ್ಮಲ್ಲಿ ದನ ಇದೆ, ಕೋಳಿ ಇದೆ, ಅಲ್ಲೊಂದು ಇಲ್ಲೊಂದು ಆಡು ಇದೆ. ಕುರಿಯನ್ನು ನಾನು ನೋಡಿದ್ದು ಘಟ್ಟದಿಂದ ಇಳಿಯುವ ಲಾರಿಯಲ್ಲಿ ಮಾತ್ರ. ಅದೂ ಹಿಂದಿನಿಂದ. ಹಾಗಿರುವಾಗ ನಮ್ಮ ಮನೆಯ ಕುರಿ ಎರಡು ದೇಶಗಳ ಕೆಲಸದ ನಡುವೆ ಹೋಗಿ ನಿಂತದ್ದು ಹೇಗೆ?

ಹೇಳುತ್ತೇನೆ. ಈಗ ಹೇಳಲಿಕ್ಕೆ ಕಾರಣವೂ ಇದೆ. ಮೊನ್ನೆ ಟಿವಿಯಲ್ಲಿ ಯಾವುದೋ ಎರಡು ದೇಶಗಳ ದೊಡ್ಡವರು ಕೋಟು ಹಾಕಿಕೊಂಡು ಕೈ ಕುಲುಕಿದರು. ಇನ್ನು ಮೇಲೆ ಇಬ್ಬರೂ ಹಣ ಹಾಕಿ ಒಟ್ಟಿಗೆ ಸಂಶೋಧನೆ ಮಾಡುತ್ತಾರಂತೆ. ಗಡಿ ಅಡ್ಡ ಬರುವುದಿಲ್ಲವಂತೆ. ನನ್ನ ತಮ್ಮ ಸಂಜೀವ ರಿಮೋಟ್ ತೆಗೆದು ಸೌಂಡ್ ಜಾಸ್ತಿ ಮಾಡಿದ.

"ನೇಪಾಳವಾ ಅಕ್ಕ?"

"ಅಲ್ಲ. ಬೇರೆ ಯಾವುದೋ."

ಸೌಂಡ್ ಕಡಿಮೆ ಮಾಡಿದ. ಅವನ ಆ ಮುಖ ನೋಡಿದ ಮೇಲೆ ಈ ವಾರ ಬೇರೆ ವಿಷಯ ಬರೆಯಲಿಕ್ಕೆ ನನಗೆ ಕೈ ಬರಲಿಲ್ಲ. (ಕಳೆದ ವಾರ ಬಸ್ಸಿನ ಕಂಡಕ್ಟರನ ಕತೆಯನ್ನು ಅರ್ಧದಲ್ಲಿ ಬಿಟ್ಟಿದ್ದೆ. ಅವನು ಎಲ್ಲಿಗೂ ಓಡಿಹೋಗುವುದಿಲ್ಲ, ಇರಲಿ.)

ಸಂಜೀವ ನನಗಿಂತ ತುಂಬ ಸಣ್ಣವನು. ಅವನನ್ನು ಸೊಂಟದಲ್ಲಿ ಹೊತ್ತುಕೊಂಡೇ ನಾನು ಬೀಡಿ ಕಟ್ಟಲಿಕ್ಕೆ ಕಲಿತದ್ದು. ಹಾಗಾಗಿ ಅವನ ಬಗ್ಗೆ ನಾನು ಎಂತ ಬರೆದರೂ ಕೇಳುವ ಹಕ್ಕು ಅವನಿಗಿಲ್ಲ. ಗಲ್ಫಿನಲ್ಲಿ ಕಂಬಿ ಕಟ್ಟುತ್ತಿದ್ದ. ದೊಡ್ಡ ಕಟ್ಟಡದ ಕಾಂಕ್ರೀಟಿನ ಒಳಗೆ ಯಾರಿಗೂ ಕಾಣದ ಹಾಗೆ ಕಬ್ಬಿಣ ಇರುತ್ತದಲ್ಲ, ಅದು. ಕಟ್ಟಡ ಎದ್ದ ಮೇಲೆ ಗಾಜು ಹೊಳೆಯುತ್ತದೆ, ಕಂಬಿ ಕಾಣುವುದಿಲ್ಲ. ಕಂಬಿ ಕಟ್ಟಿದವನು ಮೊದಲೇ ಕಾಣುವುದಿಲ್ಲ.

ರಜೆಯಲ್ಲಿ ಬರುವಾಗ ಸೆಂಟು ತಂದ, ಕಂಬಳಿ ತಂದ, ಟಾರ್ಚು ತಂದ. ಕೊನೆಯ ಸಲ ಬರುವಾಗ ಹಾಳಾದ ಎರಡು ಕಿಡ್ನಿ ತಂದ. ಸೆಂಟಿಗೆ ಊರಿಡೀ ಬಂದಿತ್ತು. ಕಿಡ್ನಿಗೆ ನಾನೊಬ್ಬಳು. (ಮದುವೆ ಆಗಿಲ್ಲವಾ ಎಂದು ಕೇಳಬೇಡಿ. ಮುಂದಿನ ರಜೆಯಲ್ಲಿ, ಮುಂದಿನ ರಜೆಯಲ್ಲಿ ಎನ್ನುತ್ತಾ ರಜೆಗಳೇ ಮುಗಿದವು.)

ಈಗ ವಾರಕ್ಕೆ ಮೂರು ದಿನ ನಾವಿಬ್ಬರೂ ಬೆಳಗ್ಗಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತೇವೆ. ಅವನು ಡಯಾಲಿಸಿಸ್ ಮೆಷಿನಿನ ಹತ್ತಿರ ಮಲಗುತ್ತಾನೆ, ನಾನು ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ಅವನಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ ಇದೆ. ಆ ಅಳತೆಯ ಲೋಟ ನನ್ನ ಕೈಯಲ್ಲಿ. ಮನೆಯ ಹಿಂದೆ ಬೇಸಗೆಯಲ್ಲೂ ಬತ್ತದ ಬಾವಿ ಇದ್ದು, ತಮ್ಮನಿಗೆ ನೀರು ಇಲ್ಲ ಎನ್ನುವ ಅಕ್ಕ ನಾನು. ಅವನು ಒಮ್ಮೆ ನಗುತ್ತಾ ಹೇಳಿದ್ದ:

"ಅಲ್ಲಿ ನೀರು ಕುಡಿಯಲಿಕ್ಕೆ ಬಿಡುವು ಇರಲಿಲ್ಲ ಅಕ್ಕ. ಇಲ್ಲಿ ನೀರು ಕುಡಿಯಲಿಕ್ಕೆ ಅಪ್ಪಣೆ ಇಲ್ಲ."

ಬಾಯಾರಿಕೆ ಜಾಸ್ತಿಯಾದ ದಿನ ಅವನು ನೀರು ಕೇಳುವುದಿಲ್ಲ. ಪದಮನ ಮಾತು ತೆಗೆಯುತ್ತಾನೆ.

ಪದಮ್ ನೇಪಾಳದವನು. ರೂಮಿನಲ್ಲಿ ಒಂದರ ಮೇಲೆ ಒಂದು ಮಂಚ, ಸಂಜೀವನದ್ದು ಕೆಳಗೆ, ಅವನದ್ದು ಮೇಲೆ. ಸೈಟಿನಲ್ಲಿ ಇಬ್ಬರದ್ದೂ ಒಂದೇ ಜೋಡಿ. ಒಬ್ಬ ಕಂಬಿ ಹಿಡಿಯಬೇಕು, ಇನ್ನೊಬ್ಬ ಸರಿಗೆ ತಿರುಚಬೇಕು. ಇಬ್ಬರಿಗೂ ಸೇರಿ ನೀರಿನ ಒಂದು ಕ್ಯಾನು. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಚಹಾ ಮಾಡಬಹುದಿತ್ತಂತೆ, ಅಷ್ಟು ಬಿಸಿ. ಕೊನೆಯ ಗುಟುಕು ಯಾರದ್ದು ಎಂದು ದಿನಾ ಜಗಳ. ಕುಡಿಯಲಿಕ್ಕಲ್ಲ. ನೀನು ಕುಡಿ, ನೀನು ಕುಡಿ ಎಂದು.

ಮೊದಲು ಬಿದ್ದದ್ದು ಪದಮ್. ಕೆಲಸದ ನಡುವೆ ಕುಸಿದ. ಆಸ್ಪತ್ರೆಗೆ ಹೋದ, ಅಲ್ಲಿಂದ ರೂಮಿಗೂ ಬರಲಿಲ್ಲ, ಅಲ್ಲಿಂದಲೇ ಊರಿಗೆ ಕಳಿಸಿದರು. ಅವನ ಚೀಲವನ್ನು ಸಂಜೀವ ಕಟ್ಟಿಕೊಟ್ಟ. ಊರಿನ ಒಂದು ನಂಬರ್ ಇತ್ತು. ಸಂಜೀವ ತಾನೂ ಕಾಯಿಲೆ ಬಿದ್ದು ಬಂದ ಮೇಲೆ ಆ ನಂಬರಿಗೆ ಹಾಕಿದ. ಹೆಂಗಸೊಬ್ಬಳು ಗೊತ್ತಿಲ್ಲದ ಭಾಷೆಯಲ್ಲಿ ಎಂತದೋ ಹೇಳಿ ಇಟ್ಟಳು. ಅವನ ಹೆಂಡತಿ ಇರಬೇಕು ಎಂದು ಸಂಜೀವ ದಿನಾ ಅವಳಿಗೆ "ನಮಸ್ತೆ ದೀದಿ" ಹೇಳುತ್ತಿದ್ದ. ಕೆಲವು ದಿನ ಆದ ಮೇಲೆ ಗೊತ್ತಾಯಿತು, ಅದು ರೆಕಾರ್ಡಿಂಗ್. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಹೇಳುವವಳು.

ನಾನು ನಗಾಡಿದೆ. ಅವನೂ ನಗಾಡಿದ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ.

ಈಗ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಹೆಸರು ಶ್ವೇತಾ. ಚಿತ್ರದುರ್ಗದ ಕಡೆಯವಳು, ಮಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಹತ್ತಿರ ಬಂದು ಕೂತಳು.

"ಅಜ್ಜಿ, ಬಿಸಿಲಲ್ಲಿ ಕೆಲಸ ಮಾಡಿ ವಾಪಸ್ ಬಂದವರ ಕಿಡ್ನಿ ಯಾಕೆ ಹಾಳಾಗ್ತಿದೆ ಅಂತ ನೋಡ್ತಾ ಇದೀವಿ. ಎರಡು ದೇಶದವರು ಸೇರಿ ಮಾಡೋ ಪ್ರಾಜೆಕ್ಟ್. ಇಲ್ಲಿ ನಾವು ಕೇಳ್ತೀವಿ, ನೇಪಾಳದಲ್ಲಿ ಅವರು ಕೇಳ್ತಾರೆ. ಪ್ರಶ್ನೆ ಎರಡೂ ಕಡೆ ಒಂದೇ."

"ಬಿಸಿಲು ಯಾವ ದೇಶದ್ದು?"

"ಅಂದ್ರೆ?"

"ಬಿಸಿಲು ಇದ್ದದ್ದು ಗಲ್ಫಿನಲ್ಲಿ ಅಲ್ಲವಾ. ಆ ದೇಶ ಸೇರಿದೆಯಾ ಇದರಲ್ಲಿ?"

ಅವಳು ನನ್ನ ಮುಖ ನೋಡಿದಳು. "ಅವರಿಗೂ ಬರೆದಿದೀವಿ ಅಜ್ಜಿ. ಇನ್ನೂ ಉತ್ತರ ಬಂದಿಲ್ಲ."

ಹುಡುಗಿ ಸುಳ್ಳು ಹೇಳುವವಳಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಮನೆಗೆ ಬಾ ಎಂದೆ. ಆದರೆ ಅವಳು ಬರಲಿಕ್ಕೆ ತಡವಾಯಿತು. ಯಾಕೆ? ಮಂಗಳೂರು ಕರ್ನಾಟಕ, ನಮ್ಮ ಮನೆ ಕೇರಳ. ಕೇರಳದ ಮನೆಯೊಳಗೆ ಕೂತು ಪ್ರಶ್ನೆ ಕೇಳಬೇಕಾದರೆ ಇನ್ನೊಂದು ಅನುಮತಿ ಬೇಕಂತೆ. ನೇಪಾಳದ್ದು ಬಂದಿತ್ತು. ವರ್ಕಾಡಿಯದ್ದು ಬಂದಿರಲಿಲ್ಲ. ದಿನಾ ಬೆಳಿಗ್ಗೆ ನಮ್ಮೂರಿನ ಅರ್ಧ ಜನ ಬಸ್ಸು ಹತ್ತಿ ಗಡಿ ದಾಟಿ ಕೆಲಸಕ್ಕೆ ಹೋಗಿ ಸಂಜೆ ಬರುತ್ತಾರೆ. ಗಡಿ ಎಲ್ಲಿ ಎಂದು ಕೇಳಿದರೆ ರಸ್ತೆಯ ಗುಂಡಿ ನೋಡಿ ಹೇಳಬೇಕು. ಅಷ್ಟು ದೂರದ ಹಿಮಾಲಯ ಹತ್ತಿರವಾಯಿತು, ನಮ್ಮ ಮನೆ ದೂರವಾಯಿತು.

ಅಂತೂ ಒಂದು ದಿನ ಬಂದಳು. ಸಂಜೀವ ಚಾವಡಿಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ನಾನು ಚಹಾ ಮಾಡುತ್ತಾ ಒಳಗಿನಿಂದ ಕೇಳುತ್ತಿದ್ದೆ.

"ಅಲ್ಲಿ ಊಟಕ್ಕೆ ಏನಿರ್ತಿತ್ತು ಅಂಕಲ್?"

"ಎಂತ ಇರುವುದು? ಕುಬ್ಬೂಸು ರೊಟ್ಟಿ, ಬೇಳೆಯ ಪರಿಪ್ಪು. ಮತ್ತೆ ಶುಕ್ರವಾರ ಕುರಿ."

"ಪ್ರತಿ ಶುಕ್ರವಾರವೂ?"

"ಒಂದೂ ತಪ್ಪಿಸಲಿಲ್ಲ. ಕುರಿ ಉಂಟೆಂದೇ ಶುಕ್ರವಾರಕ್ಕೆ ಕಾಯುವುದು."

"ತುಂಬ ತಿಂತಿದ್ರಾ?"

"ಹೊಟ್ಟೆ ಬಿರಿಯುವಷ್ಟು."

ಅವಳು ಬರೆದುಕೊಂಡಳು. ಅವನು ಹಳೆಯದನ್ನು ನೆನೆದು ನಗಾಡಿದ. ನಾನು ಚಹಾ ತಂದಿಟ್ಟೆ. ಮೂರು ಜನರಿಗೂ ಸಂತೋಷ. ಮೂರು ಜನರ ಕಿವಿಗೂ ಮಾತು ಸರಿಯಾಗಿಯೇ ಬಿದ್ದಿತ್ತು.

ಇಲ್ಲಿ ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು ಹೇಳಬೇಕು. ಕಾಸರಗೋಡಿನಲ್ಲಿ ಕುರಿ ಎಂದರೆ ಚೀಟಿ ಫಂಡು. ಮಲಯಾಳದ ಮಾತು, ನಮ್ಮ ಕನ್ನಡಕ್ಕೂ ತುಳುವಿಗೂ ಬಂದು ಕೂತು ಮನೆಯದ್ದೇ ಆಗಿದೆ. ಎಲ್ಲರೂ ತಿಂಗಳು ತಿಂಗಳು ಹಾಕುವುದು, ಚೀಟಿ ಎತ್ತುವುದು, ಯಾರ ಹೆಸರು ಬಿತ್ತೋ ಅವರಿಗೆ ಆ ಸಲದ್ದು. ನನ್ನ ಬಾಯಲ್ಲಿ "ಎರಡು ಕುರಿ ಉಂಟು" ಎಂಬ ಮಾತು ಬಂದರೆ ನಾನು ಹುಲ್ಲು ತರಲಿಕ್ಕೆ ಹೋಗುವುದಿಲ್ಲ, ಸೊಸೈಟಿಗೆ ಹೋಗುತ್ತೇನೆ.

ಸಂಜೀವನ ರೂಮಿನ ಕುರಿ ದುಡ್ಡಿನದ್ದಲ್ಲ. ಅಡುಗೆಯದ್ದು. ಸುರು ಮಾಡಿದ್ದೇ ಅವನು. ರೂಮಿನಲ್ಲಿ ಬೇರೆ ಬೇರೆ ದೇಶದವರು ಇದ್ದರು. ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ಎಲ್ಲರ ಹೆಸರಿನ ಚೀಟಿ. ಶುಕ್ರವಾರ ರಜೆ. ಒಬ್ಬ ಅಕ್ಕಿ ಹಾಕುವುದು, ಒಬ್ಬ ನೀರುಳ್ಳಿ, ಒಬ್ಬ ಎಣ್ಣೆ, ಕೈಯಲ್ಲಿ ದುಡ್ಡು ಇದ್ದವನು ಕೋಳಿ. ಏನೂ ಇಲ್ಲದವನು ಪಾತ್ರೆ ತೊಳೆಯುವುದು. ಚೀಟಿ ಎತ್ತಿದಾಗ ಯಾರ ಹೆಸರು ಬಂತೋ, ಆ ದಿನ ಅವನ ಊರಿನ ಅಡುಗೆ. ಅವನು ಹೇಳಿದ ಹಾಗೆ ಎಲ್ಲರೂ ಸೇರಿ ಮಾಡುವುದು, ಒಂದೇ ಪಾತ್ರೆಯಿಂದ ತಿನ್ನುವುದು. ಅಲ್ಲಿ ಇನ್ಯಾರಿಗೂ ಇದಕ್ಕೆ ಬೇರೆ ಹೆಸರು ಗೊತ್ತಿರಲಿಲ್ಲ. ಎಲ್ಲರೂ ಕುರಿ ಎಂದೇ ಕರೆದರು.

ಸಂಜೀವನ ಚೀಟಿ ಬಂದಾಗ ಅವನು ಎಂತ ಮಾಡಿಸಿದ ಗೊತ್ತಾ? ಕುಚ್ಚಲಕ್ಕಿಯ ಗಂಜಿ, ಒಣಮೀನಿನ ಚಟ್ನಿ. ಸಮುದ್ರ ದಾಟಿ ಬಂದು ಗಂಜಿಯಾ ಎಂದು ರೂಮಿನವರು ಬೈದರಂತೆ. ಪದಮ್ ಮಾತ್ರ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದನಂತೆ. "ನನ್ನ ಚೀಟಿ ಬರಲಿ, ನಿನಗೆ ಗುಂದ್ರುಕ್ ತಿನ್ನಿಸುತ್ತೇನೆ" ಎಂದನಂತೆ. ಗುಂದ್ರುಕ್ ಎಂದರೆ ಅವರ ಕಡೆಯ ಎಂತದೋ ಸೊಪ್ಪು, ಹುಳಿ ಬರಿಸಿ ಒಣಗಿಸಿದ್ದು. ಅದರ ವಾಸನೆ ಬಂದರೆ ಮನೆ ನೆನಪಾಗುತ್ತದೆ ಎಂದು ಮೇಲಿನ ಮಂಚದಿಂದ ಹೇಳುತ್ತಿದ್ದನಂತೆ. ಆ ಸುತ್ತಿನಲ್ಲಿ ಎಲ್ಲರ ಚೀಟಿ ಬಂತು. ಡಬ್ಬಿಯಲ್ಲಿ ಒಂದು ಉಳಿಯಿತು, ಅವನದ್ದು. ಬರುವ ಶುಕ್ರವಾರ ಎತ್ತುವುದೂ ಬೇಡ, ಅವನದ್ದೇ ಎಂದು ಗೊತ್ತಿತ್ತು. ಆ ಶುಕ್ರವಾರಕ್ಕೆ ಮೊದಲು ಅವನು ಬಿದ್ದ.

ಸರಿ. ಶ್ವೇತಾ ಹೋದಳು. ಮಳೆಗಾಲ ಮುಗಿಯಿತು. ಒಂದು ದಿನ ಹೇಳದೆ ಕೇಳದೆ ಬಂದು ಚಾವಡಿಯಲ್ಲಿ ಚಪ್ಪಲಿ ಬಿಟ್ಟಳು.

"ಅಜ್ಜಿ, ಒಂದು ಡೌಟು. ಎರಡು ದೇಶದವರದ್ದೂ ಮೀಟಿಂಗ್ ಇತ್ತು, ಕಂಪ್ಯೂಟರಲ್ಲಿ. ನೇಪಾಳದವರು ಒಂದು ಕೇಳಿದ್ರು. ಅವರ ಕಡೆ ಒಬ್ಬ ಪೇಷಂಟು, ಊಟದ ಪ್ರಶ್ನೆ ಬಂದಾಗ ಶುಕ್ರವಾರ ಕುರಿ ಅಂದ್ರಂತೆ. ಅದು ನೇಪಾಳಿನೂ ಅಲ್ಲ ಹಿಂದಿನೂ ಅಲ್ಲ, ಯಾರಿಗಾದ್ರೂ ಗೊತ್ತಾ ಅಂತ. ನಾನು ಎದ್ದು, ಕುರಿ ಅಂದ್ರೆ ನಮ್ಮ ಭಾಷೇಲಿ ಇದು, ಅಂತ ಜಂಬದಿಂದ ಹೇಳ್ಬಿಟ್ಟೆ. ಎಲ್ಲರೂ ಮಟನ್ ಅಂತ ಬರ್ಕೊಂಡ್ರು. ಆಮೇಲೆ ಹಾಸ್ಟೆಲಿಗೆ ಬಂದು ಯೋಚನೆ ಮಾಡ್ತೀನಿ, ನಮ್ಮಪ್ಪನ ಮಂದೆಯ ಕುರಿ ನೇಪಾಳದವರ ಬಾಯಿಗೆ ಹೇಗೆ ಹೋಯ್ತು? ನಿಮ್ಮ ಮನೇಲೂ ಅಂಕಲ್ ಅದೇ ಮಾತು ಹೇಳಿದ್ರು. ಅದೂ ಶುಕ್ರವಾರವೇ."

ಸಂಜೀವ ಒಳಗೆ ಮಲಗಿದ್ದ. ಮೆಷಿನಿನಿಂದ ಬಂದ ದಿನ ಅವನು ಏಳುವವನಲ್ಲ. ಎದ್ದು ಬಾಗಿಲಿಗೆ ಬಂದ.

"ಪದಮ್," ಎಂದ.

ಶ್ವೇತಾ ಅವನ ಕಡೆ ತಿರುಗಿದಳು.

"ಆ ಮನುಷ್ಯನ ಹೆಸರು ಪದಮ್ ಅಲ್ಲವಾ? ಕುಳ್ಳ. ಮಾತಾಡುವಾಗ ಒಂದು ಕಣ್ಣು ಮುಚ್ಚುವುದು."

"ನನಗೆ ಹೆಸರು ಗೊತ್ತಿಲ್ಲ ಅಂಕಲ್. ನಮಗೆ ಬರೋದು ಬರೀ ನಂಬರ್."

"ನಂಬರ್ ಉಂಟಲ್ಲ, ಕೊಡಿ. ಈಗಲೇ ಹಾಕಿ ನೋಡುವ." ಅವನು ಫೋನು ತರಲಿಕ್ಕೆ ಒಳಗೆ ಹೋದ.

ಹುಡುಗಿಯ ಕಣ್ಣಲ್ಲಿ ನೀರು ಬಂತು. ನಾನು ಅವನಿಗೆ ಕೂಗಿ ಹೇಳಿದೆ, "ಫೋನ್ ನಂಬರ್ ಅಲ್ಲ ಮಾರಾಯ. ಆಸ್ಪತ್ರೆಯ ಚೀಟಿಯ ನಂಬರಿನ ಹಾಗೆ. ಬಾ, ಕೂತುಕೊ."

ಬಂದು ಕೂತ. ಫೋನು ಕೈಯಲ್ಲೇ ಇತ್ತು. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ಬದುಕಿದ್ದಾನಾ?"

"ಪ್ರಶ್ನೆ ಕೇಳಿದಾಗ ಇದ್ರು, ಅಂಕಲ್."

ಅಲ್ಲಿ ಪ್ರಶ್ನೆ ಕೇಳಿದ್ದು ಹಿಂದಿನ ವರ್ಷ. ಈ ಕಾಯಿಲೆಯಲ್ಲಿ ಒಂದು ವರ್ಷ ಎಂದರೆ ಎಷ್ಟು ಉದ್ದ ಎಂದು ಆಸ್ಪತ್ರೆಯ ಬೆಂಚಿನಲ್ಲಿ ಕೂತವರಿಗೆ ಗೊತ್ತು. ನಮ್ಮ ಸಾಲಿನಲ್ಲಿ ಕೂರುತ್ತಿದ್ದ ಕೆಲವರು ಈಗ ಬರುವುದಿಲ್ಲ. ಯಾಕೆ ಎಂದು ನಾವು ಯಾರೂ ಕೇಳುವುದಿಲ್ಲ.

"ಈಗ ಇದ್ದಾನಾ ಎಂದು ಕೇಳಲಿಕ್ಕೆ ಆಗುವುದಿಲ್ಲವಾ?"

ಅವಳು ವಿವರಿಸಿದಳು. ಎರಡನೆಯ ರೌಂಡ್ ಎಂದು ಇದೆಯಂತೆ. ಅದರಲ್ಲಿ ಅದೇ ಜನರ ಹತ್ತಿರ ಮತ್ತೆ ಹೋಗಿ ಕೇಳಬೇಕು. ನಮ್ಮ ಕಡೆಯ ಫಂಡು ಸಿಕ್ಕಿದೆ, ಆ ಕಡೆಯದ್ದು ಸಿಕ್ಕಿಲ್ಲ. ಆ ಕಡೆಯದ್ದು ಸಿಗುವ ಹೊತ್ತಿಗೆ ಈ ಕಡೆಯದ್ದು ಮುಗಿದಿರುತ್ತದೆ. ಯಾಕೆಂದರೆ ಇಲ್ಲಿ ಸರಕಾರದ ವರ್ಷ ಮುಗಿಯುವುದು ಮಾರ್ಚಿಗೆ, ಅಲ್ಲಿ ಸರಕಾರದ ವರ್ಷ ಹುಟ್ಟುವುದೇ ಜುಲೈ ನಡುವಿಗೆ, ನಮ್ಮ ಆಟಿ ತಿಂಗಳು ಸುರುವಾಗುವಾಗ. ಇವರ ಕೈಯಲ್ಲಿ ಇದ್ದಾಗ ಅವರ ಕೈ ಖಾಲಿ. ಅವರ ಕೈ ತುಂಬುವಾಗ ಇವರು ತಮ್ಮದನ್ನು ವಾಪಸು ಕೊಟ್ಟಾಗಿರುತ್ತದೆ. ಫಂಡಿಂಗ್ ಏಜೆನ್ಸಿಯವರಿಗೆ ಬರೆದಿದ್ದಾರಂತೆ. (ನನಗೆ ಗೊತ್ತಿರುವ ಏಜೆನ್ಸಿ ಗ್ಯಾಸಿನದ್ದು ಒಂದೇ. ಅವರಿಗೂ ಬರೆದರೆ ಉತ್ತರ ಬರುವುದಿಲ್ಲ.)

"ಎರಡು ದೇಶದವರೂ ಒಟ್ಟಿಗೆ ಹಾಕಿದ್ದು ಎಂದಿ ಅಲ್ಲವಾ?" ಎಂದು ಕೇಳಿದೆ. ಆಗಲೇ ನಾನು ಅವಳಿಗೆ ನಮ್ಮ ಕುರಿ ಎಂದರೆ ಎಂತ ಎಂದು ಬಿಡಿಸಿ ಹೇಳಿದ್ದು. ಡಬ್ಬಿ, ಚೀಟಿ, ಶುಕ್ರವಾರ, ಗಂಜಿ, ಎಲ್ಲ. ಅವಳು ತಲೆಗೆ ಕೈ ಹೊತ್ತು ಕೂತು, ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಅಜ್ಜಿ, ಎರಡು ದೇಶಕ್ಕೂ ಮಟನ್ ತಿನ್ನಿಸಿಬಿಟ್ಟೆ ನಾನು. ಅದೂ ಕಿಡ್ನಿ ಪ್ರಾಜೆಕ್ಟಲ್ಲಿ."

"ತಿಂದವರು ಯಾರೂ ದೂರು ಕೊಡಲಿಲ್ಲವಲ್ಲ, ಬಿಡು. ಈಗ ಹೇಳು, ನಿಮ್ಮದೂ ಇಂಥದ್ದೇ ಕುರಿ ಅಲ್ಲವಾ?"

"ಕಾಮನ್ ಪಾಟ್ ಅಂತಲೇ ಕರೀತಾರೆ. ಎಲ್ಲರದ್ದೂ ಒಂದೇ ಪಾತ್ರೆ ಅಂತ. ಆದ್ರೆ ನಿಜವಾದ ಪಾತ್ರೆ ಅಲ್ಲ ಅಜ್ಜಿ. ನಮ್ಮ ದೇಶದ್ದು ನಮ್ಮ ಕಡೆ ಖರ್ಚಿಗೆ ಮಾತ್ರ, ಅವರದ್ದು ಅವರ ಕಡೆಗೆ ಮಾತ್ರ. ಮಾತಿಗೆ ಒಂದೇ ಪಾತ್ರೆ."

"ಅಂದರೆ ಪಾತ್ರೆ ಇಲ್ಲ."

"ಇಲ್ಲ."

"ಒಲೆ?"

"ಎರಡು."

"ಮತ್ತೆ ಊಟ?"

"ಒಟ್ಟಿಗೆ ಮಾಡೋಣ ಅಂತ ಆಸೆ," ಎಂದಳು.

ಇದೆಂತ ಕುರಿ? ಅವರವರದ್ದನ್ನು ಅವರವರೇ ಹಾಕಿ ಅವರವರೇ ತೆಗೆಯುವುದಾದರೆ ದಿಂಬಿನ ಅಡಿಯಲ್ಲಿ ಇಟ್ಟುಕೊಂಡರೆ ಸಾಲದಾ? ಕುರಿ ಎಂದರೆ ಎಲ್ಲರೂ ಒಂದೇ ದಿನ ಹಾಕಬೇಕು. ಈ ತಿಂಗಳು ನನ್ನದು ನಿನಗೆ, ಬರುವ ತಿಂಗಳು ನಿನ್ನದು ನನಗೆ. ಅಷ್ಟು ಧೈರ್ಯ ಬೇಕು. ರೂಮಿನಲ್ಲಿ ಮಲಗಲಿಕ್ಕೆ ಜಾಗ ಇಲ್ಲದವರಿಗೆ ಆ ಧೈರ್ಯ ಇತ್ತು. ಅಕ್ಕಿ ಹಾಕಿದವನು ಇದು ನನ್ನ ದೇಶದ ಅಕ್ಕಿ, ನೀನು ನೀರುಳ್ಳಿ ಮಾತ್ರ ತಿನ್ನು ಎಂದು ಹೇಳಲಿಲ್ಲ. ದೇಶಗಳಿಗೆ ಯಾಕೆ ಕೈ ನಡುಗುತ್ತದೆ?

ದೊಡ್ಡ ಲೆಕ್ಕ, ನನಗೆ ಅರ್ಥವಾಗದ ಕಷ್ಟಗಳು ಇರಬಹುದು. ಇರಲಿ. ನಾನು ಅಕ್ಷರ ಕಲಿತದ್ದು ಸಾಕ್ಷರತೆಯ ಕ್ಲಾಸಿನಲ್ಲಿ, ಬೀಡಿಯ ಮೊರ ಬದಿಗಿಟ್ಟು. ಆದರೂ ಒಂದು ಕಾಣುತ್ತದೆ. ನನ್ನ ತಮ್ಮನ ಕಾಯಿಲೆ ಒಂದು ದೇಶದಲ್ಲಿ ಹುಟ್ಟಿತು, ಇನ್ನೊಂದು ದೇಶದಲ್ಲಿ ಬೆಳೆಯುತ್ತಿದೆ, ಅದರದ್ದೇ ಜೋಡಿ ಮೂರನೆಯ ದೇಶದಲ್ಲಿ ಮಲಗಿದೆ. ಒಂದು ದೇಶದವರು ಮಾತ್ರ ನೋಡಿದರೆ ಅವರಿಗೆ ಕಾಣುವುದು ಆನೆಯ ಬಾಲವೋ ಕಿವಿಯೋ. ಕಂಬಿ ಹಿಡಿಯುವವನು ಒಂದು ಕಡೆ, ಸರಿಗೆ ತಿರುಚುವವನು ಒಂದು ಕಡೆ ನಿಂತರೆ ಕಟ್ಟಡ ಏಳುತ್ತದಾ?

ಹೆಸರು ಹೇಳಬಾರದು ಎನ್ನುವ ಕಾನೂನು ಸರಿಯೇ. ಊರಿನವರ ಕಾಯಿಲೆಯನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಾ ಹೋಗಲಿಕ್ಕೆ ಇಲ್ಲ. ಇಬ್ಬರೂ ಒಪ್ಪಿದರೆ ಸೇರಿಸಬಹುದಾ ಎಂದು ಶ್ವೇತಾ ಕಮಿಟಿಗೆ ಬರೆಯುತ್ತೇನೆ ಎಂದಳು. ಎರಡು ದೇಶಕ್ಕೂ ಬೇರೆ ಬೇರೆ ಕಮಿಟಿ. ಎರಡೂ ಕೂರಬೇಕು.

"ಅವರು ಕೂರುವ ಹೊತ್ತಿಗೆ ನಾನು ಮಲಗಿರುತ್ತೇನೆ," ಎಂದ ಸಂಜೀವ.

"ಬಾಯಿ ಮುಚ್ಚು," ಎಂದೆ ನಾನು.

ಆಗ ನನಗೆ ಒಂದು ಯೋಚನೆ ಬಂತು. "ಮಗಾ, ಮಟನ್ ಎಂದು ತಪ್ಪು ಬರೆದದ್ದನ್ನು ತಿದ್ದಬೇಕಲ್ಲ ನೀನು?"

"ತಿದ್ದಲೇಬೇಕು ಅಜ್ಜಿ."

"ತಿದ್ದಬೇಕಾದರೆ ಆ ಮನುಷ್ಯನನ್ನು ಇನ್ನೊಮ್ಮೆ ಕೇಳಬೇಕಲ್ಲ? ಶುಕ್ರವಾರದ ಕುರಿಯಲ್ಲಿ ನೀವು ತಿಂದದ್ದು ಎಂತ ಎಂದು?"

ಅವಳು ನನ್ನನ್ನು ನೋಡಿದಳು, ಸಂಜೀವನನ್ನು ನೋಡಿದಳು. ಅದು ಹೆಸರು ಕೇಳುವ ಪ್ರಶ್ನೆಯಲ್ಲ. ಊಟದ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ. ನೇಪಾಳದಲ್ಲಿ ಪ್ರಶ್ನೆ ಕೇಳಲಿಕ್ಕೆ ಹೋಗುವ ಹುಡುಗನಿಗೂ ಫಂಡು ಇಲ್ಲ, ಬಸ್ಸಿಗೆ ತನ್ನ ಕೈಯಿಂದ ಹಾಕಿ ಹೋಗಬೇಕು, ಕೇಳಿ ನೋಡುತ್ತೇನೆ ಎಂದಳು. ಆ ಹುಡುಗ ಯಾರೋ ನನಗೆ ಗೊತ್ತಿಲ್ಲ. ಅವನೂ ಒಂದು ಕೆಮ್ಮಣ್ಣಿನ ರಸ್ತೆಯಲ್ಲೋ ಕಲ್ಲಿನ ರಸ್ತೆಯಲ್ಲೋ ಹತ್ತಿಕೊಂಡು ಹೋಗಿರಬೇಕು.

ಅಲ್ಲಿಂದ ಕಾಯುವ ಕೆಲಸ. ನೀವು ಯಾರನ್ನಾದರೂ ಕಾದಿದ್ದೀರಾ? ಬಸ್ಸಿಗೆ ಕಾಯುವುದಲ್ಲ. ಹೆಸರು ಹೇಳಬಾರದ ಮನುಷ್ಯನಿಗೆ ಕಾಯುವುದು. ಸಂಜೀವ ಪ್ರತಿ ಶುಕ್ರವಾರ ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತಿದ್ದ. ಫೋನು ಬಡಿದಾಗಲೆಲ್ಲ ತಿರುಗಿ ನೋಡುತ್ತಿದ್ದ. ಹೆಚ್ಚಾಗಿ ಅದು ಲೋನು ಬೇಕಾ ಎಂದು ಕೇಳುವವರದ್ದು.

ಚಳಿ ಬಿಡುವ ಹೊತ್ತಿಗೆ ಶ್ವೇತಾ ಬಂದಳು. ಫೋನಿನಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ಬಸ್ಸಿಳಿದು ನಡೆದು ಬಂದಳು. ಚಹಾವನ್ನೂ ಮುಟ್ಟಲಿಲ್ಲ. ಫೋನು ತೆಗೆದು ಓದಿ, ಕನ್ನಡದಲ್ಲಿ ಹೇಳಿದಳು.

"ಅಂಕಲ್, ಉತ್ತರ ಬಂದಿದೆ. ಪ್ರಶ್ನೆ, ಶುಕ್ರವಾರದ ಕುರಿಯಲ್ಲಿ ಏನು ತಿಂದಿರಿ. ಉತ್ತರ, ಎಲ್ಲರ ಊರಿನದ್ದೂ ತಿಂದೆ. ಒಮ್ಮೆ ಗಂಜಿ. ನನ್ನ ಊರಿನದ್ದು ಮಾತ್ರ ಯಾರೂ ತಿನ್ನಲಿಲ್ಲ. ನನ್ನ ಚೀಟಿ ಡಬ್ಬಿಯಲ್ಲೇ ಉಳಿಯಿತು."

ಸಂಜೀವ ನನ್ನ ಹತ್ತಿರ ಕೈ ಚಾಚಿದ. ನಾನು ಲೋಟದ ಅಳತೆ ನೋಡಲಿಲ್ಲ. ತುಂಬ ಕೊಟ್ಟೆ. ಅವನು ಅರ್ಧ ಕುಡಿದು ಅರ್ಧ ಹಾಗೆಯೇ ಇಟ್ಟ.

"ಕುಡಿ," ಎಂದೆ.

"ಇರಲಿ ಅಕ್ಕ. ಕೊನೆಯದ್ದು ಅವನದ್ದು."

ಅದಾಗಿ ಎರಡು ವರ್ಷ. ಎರಡನೆಯ ರೌಂಡ್ ಆಗಲಿಲ್ಲ. ಒಂದು ಸಲ ಇಲ್ಲಿಯದ್ದು ಇತ್ತು, ಅಲ್ಲಿಯದ್ದು ಇಲ್ಲ. ಮತ್ತೊಂದು ಸಲ ಅಲ್ಲಿಯದ್ದು ಬಂತು, ಇಲ್ಲಿಯದ್ದು ಮುಗಿದಿತ್ತು. ಒಂದು ಕಮಿಟಿ ಕೂತು ಒಪ್ಪಿತು, ಇನ್ನೊಂದು ಇನ್ನೂ ಕೂರಲಿಲ್ಲ. ಶ್ವೇತಾಳಿಗೆ ಬೇರೆ ಊರಿನಲ್ಲಿ ಕೆಲಸವಾಯಿತು, ಆದರೂ ಬರೆಯುವುದನ್ನು ಬಿಟ್ಟಿಲ್ಲ. ಸಂಜೀವ ಮೆಷಿನಿಗೆ ಹೋಗುತ್ತಾನೆ, ಬರುತ್ತಾನೆ. ಪದಮ್ ಈಗ ಹೇಗಿದ್ದಾನೆ? ನಮಗೆ ಗೊತ್ತಿಲ್ಲ. ಕೋಟು ಹಾಕಿ ಕೈ ಕುಲುಕುವವರಿಗೆ ಒಂದು ಮಾತು ಕೇಳಬೇಕೆಂದಿದೆ. ನಿಮ್ಮ ಎರಡು ಕ್ಯಾಲೆಂಡರುಗಳು ಸೇರುವ ತನಕ ಈ ಇಬ್ಬರು ಗಂಡಸರು ಕಾಯಬೇಕು ಎಂದು ಅವರ ಕಿಡ್ನಿಗೆ ಯಾರು ಹೇಳುವುದು?

ಉತ್ತರ ಬಂದ ಆ ದಿನ ಶ್ವೇತಾ ಹೊರಡುವ ಮೊದಲು ನಾನು ಗುಂದ್ರುಕ್ ಮಾಡುವುದು ಹೇಗೆ ಎಂದು ಅವಳ ಫೋನಿನಲ್ಲಿ ನೋಡಿಸಿದ್ದೆ. ಮೂಲಂಗಿಯದ್ದೋ ಸಾಸಿವೆಯದ್ದೋ ಸೊಪ್ಪು ಬಾಡಿಸುವುದು, ಭರಣಿಯಲ್ಲಿ ಒತ್ತಿ ತುಂಬಿಸಿ ಬಾಯಿ ಕಟ್ಟುವುದು, ಹುಳಿ ಬಂದ ಮೇಲೆ ಬಿಸಿಲಿಗೆ ಹಾಕುವುದು. ಇಷ್ಟೇ. ಸಂಜೀವ ಅದನ್ನು ತಿನ್ನುವ ಹಾಗಿಲ್ಲ, ಡಾಕ್ಟರು ಸೊಪ್ಪು ಬೇಡ ಎಂದಿದ್ದಾರೆ. ಮೂಸಬಾರದು ಎಂದು ಯಾವ ಡಾಕ್ಟರೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಪೇಟೆಗೆ ಹೋದೆ. ತರಕಾರಿ ಅಂಗಡಿಯ ಮೊಯ್ದು ಮೂಲಂಗಿಯ ಸೊಪ್ಪು ತಿರುಚಿ ತಿರುಚಿ ಮೂಲೆಗೆ ಎಸೆಯುತ್ತಿದ್ದ. ನಾನು ಬಗ್ಗಿ ಅದನ್ನೆಲ್ಲ ಚೀಲಕ್ಕೆ ತುಂಬಿಸಿದೆ.

"ಎಂತ ಕಮಲಕ್ಕ, ಆಡು ಸಾಕಲಿಕ್ಕೆ ಸುರು ಮಾಡಿದ್ದಾ?"

"ಆಡಿಗಲ್ಲ. ಕುರಿಗೆ."

ಅವನು ಕೈ ನಿಲ್ಲಿಸಿ ನನ್ನ ಮುಖ ನೋಡಿದ. "ಯಾವ ಕುರಿ?"

"ಶುಕ್ರವಾರದ್ದು," ಎಂದೆ. "ಒಬ್ಬನ ಚೀಟಿ ಇನ್ನೂ ಬಾಕಿ ಉಂಟು."